ಪದ ಬೇಕಿದೆ: ‘ಸ್ವಿಂಗ್’ (ಅರೇಂಜರ್ ಕೀಬೋರ್ಡ್ ಕೈಪಿಡಿಗೆ, ಇವತ್ತೇ)

ರಾಯಚೂರಿನಿಂದ:
ನಮಸ್ಕಾರ. ಕೀಬೋರ್ಡ್ ಕ್ಲಾಸಿನ ಕೈಪಿಡಿ ಸಂಜೆ ಪ್ರೆಸ್ಸಿಗೆ ಹೋಗಬೇಕು. ಕೀಬೋರ್ಡ್ ಅರೇಂಜರ್, ಅಂದರೆ ಎಡಗೈಯ ಕಾರ್ಡಿಗೆ ತಕ್ಕ ಸಿದ್ಧ ಪಕ್ಕವಾದ್ಯವನ್ನು (ಸ್ಟೈಲ್) ತಾನೇ ನುಡಿಸುವಂಥದ್ದು. ವಾಕ್ಯ ಹೀಗಿದೆ: “ಜಾಜ್ ಸ್ಟೈಲ್ ಹಾಕಿದರೆ ಡ್ರಮ್ಸ್ ಸ್ವಿಂಗ್‌ನಲ್ಲೇ ಬರುತ್ತದೆ, ಬಲಗೈ ಸಮವಾಗಿ ನುಡಿಸಿದರೆ ಎರಡೂ ಕೂಡುವುದಿಲ್ಲ.” ಒಂದು ಬೀಟಿನೊಳಗೆ ಮೊದಲ ಸ್ವರ ಉದ್ದ, ಎರಡನೆಯದು ಗಿಡ್ಡ ಎಂಬ ಅರ್ಥ. ಕರಡಿನಲ್ಲಿ ‘ತಿಶ್ರ ನಡೆ’ (ಬೀಟಿಗೆ ಮೂರು ಎಣಿಕೆ) ಎಂದಿದೆ. ಎಡಗೈಗೆ ಡಿ ಮೈನರ್ 7 ಕಾರ್ಡನ್ನು ಎಫ್-ಎ-ಸಿ-ಇ ಎಂದು ಕೊಟ್ಟಿದೆ. ಪದ ನಡೆಯುತ್ತದೆಯೇ?

ಬಳ್ಳಾರಿಯಿಂದ:
ತಿಶ್ರ ಬೇಡ. ‘ತೂಗು’ ಧಾತು ಇದೆ, ತಮಿಳಿನಲ್ಲಿ ತೂಂಗು. ಜೋಲುವುದೂ ಅದೇ, ತೂಕ ಮಾಡುವುದೂ ಅದೇ. ಉದ್ದ ಸ್ವರಕ್ಕೆ ತೂಕ, ಗಿಡ್ಡದ್ದಕ್ಕೆ ಜೋಲು. ‘ತೂಗುನಡೆ’ ಎಂದು ಹಾಕಿ. ಚರ್ಚೆ ಮುಗಿಯಿತು.

ಗಂಗಾವತಿಯಿಂದ:
ಮುಗಿದಿಲ್ಲ ಸರ್. ಬೀಬಾಪ್ (ಒಂದು ಬಗೆಯ ವೇಗದ ಜಾಜ್) ಸಾಲುಗಳಲ್ಲಿ ಒತ್ತು ಬಹಳ ಸಲ ಗಿಡ್ಡ ಸ್ವರಕ್ಕೇ ಬೀಳುತ್ತದೆ, ಡ್ರಮ್ಸಿನ ಹೈ-ಹ್ಯಾಟ್ (ಜೋಡಿ ತಾಳ) 2 ಮತ್ತು 4ನೇ ಬೀಟಿಗೆ. ತೂಕದ ವಾದ ಅಲ್ಲಿಗೆ ಬಿತ್ತು.

ತಿಶ್ರವೂ ತಪ್ಪೇ. ‘ತಕಿಟ’ದ ಮೊದಲ, ಕೊನೆಯ ಅಕ್ಷರ ನುಡಿಸಿದರೆ 2:1. ನಿಮಿಷಕ್ಕೆ 120 ಬೀಟಿನ ಆಸುಪಾಸಿನಲ್ಲಿ ಅದು ಒಪ್ಪುತ್ತದೆ. 200 ದಾಟಿದ ಮೇಲೆ ಸ್ವರಗಳು ಸಮಕ್ಕೆ ಹತ್ತಿರವಾಗುತ್ತವೆ. ತಿಶ್ರ ಎಂದು ಅಚ್ಚು ಹಾಕಿದರೆ ಹುಡುಗರು ಅಲ್ಲೂ ಮೂರರ ಲೆಕ್ಕ ಹಿಡಿದು ಕುಂಟುತ್ತಾರೆ. ‘ಸ್ವಿಂಗ್’ ಎಂದೇ ಬಿಡಿ.

ಪದಕ್ಕಿಂತ ದೊಡ್ಡ ತಪ್ಪು ಆ ಕಾರ್ಡಿನದು. ಮೂಲಸ್ವರ ಡಿ ಬಿಟ್ಟು ಎಫ್-ಎ-ಸಿ-ಇ ಹಿಡಿಯುವುದು ಬಾಸ್ ನುಡಿಸುವ ಮನುಷ್ಯ ಪಕ್ಕದಲ್ಲಿದ್ದಾಗ. ಕೀಬೋರ್ಡ್ ಅದನ್ನು ಎಫ್ ಮೇಜರ್ 7 ಎಂದು ಓದಿ ಬಾಸನ್ನೂ ಎಫ್‌ಗೆ ಎಳೆಯುತ್ತದೆ. ಸ್ಪ್ಲಿಟ್‌ನ (ಎಡಗೈ, ಬಲಗೈ ಭಾಗ ಬೇರೆಯಾಗುವ ಜಾಗದ) ಎಡಕ್ಕೆ ಡಿ-ಎಫ್-ಸಿ ಸಾಕು, ಐದನೇ ಸ್ವರ ಬಿಟ್ಟರೂ ಗುರುತಿಸುತ್ತದೆ. ಮೂಲಸ್ವರದಿಂದ 9, 13ನೇ ಸ್ವರಗಳು ಬಲಗೈಗೆ ಇರಲಿ. ಬಲಗೈಯಲ್ಲಿ ಕಾರ್ಡ್ ಬಡಿಯುವುದಾದರೆ ಸ್ಟೈಲಿನ ಪಿಯಾನೊ, ಗಿಟಾರ್ ಪಾರ್ಟ್‌ಗಳನ್ನು ಮ್ಯೂಟ್ ಮಾಡಿ ಬಾಸ್, ಡ್ರಮ್ಸ್ ಮಾತ್ರ ಉಳಿಸಿ. ಇಲ್ಲದಿದ್ದರೆ ಎರಡು ಪಿಯಾನೊ ಗುದ್ದಾಡುತ್ತವೆ. ಫಿಲ್-ಇನ್ (ಭಾಗ ಬದಲಾಗುವಾಗಿನ ಡ್ರಮ್ಸ್ ತುಣುಕು) ಪ್ರತಿ 8 ಬಾರ್‌ಗೊಮ್ಮೆ (ಬಾರ್ ಎಂದರೆ ಬೀಟುಗಳ ಒಂದು ಸುತ್ತು) ಒತ್ತುವ ಚಟ ಬೇಡ. 32 ಬಾರ್‌ಗಳ ಎ-ಎ-ಬಿ-ಎ ಹಾಡಿನಲ್ಲಿ (ನಾಲ್ಕು ಭಾಗ, ಮೂರನೆಯದು ಮಾತ್ರ ಬೇರೆ) ‘ಬಿ’ಗೆ ಹೋಗುವಾಗ ಒಂದು, ಮರಳುವಾಗ ಬೇಕಾದರೆ ಇನ್ನೊಂದು.

ಬಳ್ಳಾರಿಯಿಂದ:
ಕಾರ್ಡಿನ ಪಾಠ ಯಾರೂ ಕೇಳಿರಲಿಲ್ಲ. ‘ನಡೆ’ ಎಂಬ ಅಚ್ಚಗನ್ನಡ ಪದ ಮನೆಯಲ್ಲಿರುವಾಗ ಸಾಲ ಏಕೆ?

ಸಿಂಧನೂರಿನಿಂದ:
ಹಂಗಾದ್ರ ‘ಪೇಟಿ (ಹಾರ್ಮೋನಿಯಂ) ಮಾಸ್ತರ’ ಅನ್ನೋದನ್ನೂ ಬಿಡೋಣೇನ್ರಿ? ಪೇಟಿ ಮರಾಠಿಯಿಂದ ಬಂತು, ತಬಲಾ ಅರಬ್ಬಿ ಮೂಲದ್ದು. ಬಯಲಾಟಕ್ಕ ಯಾವ ತೊಂದ್ರೀನೂ ಆಗಿಲ್ಲ.

ಬಳ್ಳಾರಿಯಿಂದ:
ಪೇಟಿ ನಮ್ಮ ಪೆಟ್ಟಿಗೆಯ ನೆಂಟ, ಹೊರಗಿನದಲ್ಲ. ವಸ್ತುವಿನ ಹೆಸರು ಬರಲಿ, ಕ್ರಿಯೆ ಬರಬಾರದು ಎಂಬುದು ನನ್ನ ನಿಯಮ. ‘ಸ್ವಿಂಗ್ ಮಾಡು’ ಕನ್ನಡವೇ ಅಲ್ಲ.

ಸಿಂಧನೂರಿನಿಂದ:
‘ಫೋನ್ ಮಾಡು’ ಅನ್ನದ ದಿನಾ ಕಳೀತೀರೇನು?

ರಾಯಚೂರಿನಿಂದ:
ಕಾರ್ಡ್ ತಿದ್ದಿದೆ, ಗಂಗಾವತಿಯವರಿಗೆ ಧನ್ಯವಾದ. ‘ಸ್ವಿಂಗ್’ ಉಳಿಸಿ, ಮೊದಲ ಸಲ ಬಂದ ಕಡೆ “ಉದ್ದ-ಗಿಡ್ಡದ ನಡೆ, ವೇಗ ಏರಿದಂತೆ ಸಮದ ಕಡೆಗೆ” ಎಂದು ಸೇರಿಸಿದ್ದೇನೆ. ಫಿಲ್-ಇನ್‌ಗೆ ಏನಾದರೂ ಇದೆಯೇ?

ಗಂಗಾವತಿಯಿಂದ:
ತಬಲಾದವರ ‘ಮುಖಡಾ’ ಹತ್ತಿರ ಬರುತ್ತದೆ; ಅದೂ ಮುಂದಿನ ಸಮ್‌ಗೆ (ತಾಳದ ಮೊದಲ ಬೀಟಿಗೆ) ತಂದು ಬಿಡುವ ತುಣುಕೇ.

ಬಳ್ಳಾರಿಯಿಂದ:
ಮುಖಡಾ ಹಿಂದಿ. ಬೇಡ.