ಮಧ್ಯಾಹ್ನಕ್ಕೇ ಹಸಿರು ಲೈಟು, ರಾತ್ರಿ ಎರಡಕ್ಕೆ ಕತ್ತಲು: ದೋಣಿ ಸೋಲಾರ್ ತಕರಾರು

ಹಿನ್ನೀರಿನವ, ಮುಂಡರಗಿ:
ನಮಸ್ಕಾರ ರೀ. ಹಮ್ಮಿಗಿ ಬ್ಯಾರೇಜಿನ ಹಿನ್ನೀರಿನಲ್ಲಿ ಮೀನು ಹಿಡಿಯುತ್ತೇನೆ. ಮೊದಲು ಹರಿಗೋಲಿತ್ತು, ಹೋದ ವರ್ಷ ಫೈಬರ್ ದೋಣಿ ತಗೊಂಡೆ. ಮುಂದಿನ ತುದಿಗೆ 50 ವ್ಯಾಟಿನ ಪ್ಯಾನೆಲ್, ಪಕ್ಕದಲ್ಲೇ ಬ್ಯಾಟರಿ ಚಾರ್ಜನ್ನು ಹತೋಟಿಯಲ್ಲಿಡುವ ಕಂಟ್ರೋಲರ್. ಬ್ಯಾಟರಿ ಹಿಂದೆ, ನಾನು ಕೂರುವ ಹಲಗೆ ಕೆಳಗೆ. 60 ಎಎಚ್ (ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಹಿಡಿಸುತ್ತದೆ ಅನ್ನೋ ಲೆಕ್ಕ), ಕಾರಿಂದು, ಸೆಕೆಂಡ್ ಹ್ಯಾಂಡ್. 9 ವ್ಯಾಟಿನ ಎರಡು ಎಲ್‌ಇಡಿ, ಒಂದು ಮೊಬೈಲ್, ದೋಣಿಗೆ ಬಂದ ನೀರು ಹೊರಹಾಕುವ ಸಣ್ಣ ಪಂಪು. ಇಷ್ಟೇ.
ಬೆಳಿಗ್ಗೆ ಹನ್ನೊಂದೂವರೆಗೇ ಕಂಟ್ರೋಲರ್‌ನಲ್ಲಿ ಹಸಿರು ಲೈಟು ಬರುತ್ತದೆ, ಅಂದರೆ ಫುಲ್. ಆದರೆ ರಾತ್ರಿ ಎರಡಕ್ಕೆ ಬಲ್ಬು ಮಂದ ಆಗಿ ಸತ್ತೇ ಹೋಗುತ್ತದೆ. ಮೊನ್ನೆ ಬಲೆ ಅರ್ಧ ಎಳೆದಾಗ ಕತ್ತಲು. ಅಳಿಯ ಮೊಬೈಲ್ ಬಾಯಲ್ಲಿ ಕಚ್ಚಿಕೊಂಡು ಬೆಳಕು ಹಿಡಿದ. ಏನು ಮಾಡಲಿ?

ಉಣಕಲ್ ಹುಡುಗ:
ಅಣ್ಣಾ, ಪ್ಯಾನೆಲ್ ಸಣ್ಣದು. 100 ವ್ಯಾಟ್ ಹಾಕಿ, ಮುಗೀತು.

ಹಳೇ ವೈರ್‌ಮನ್, ಹಾವೇರಿ:
ಮುಗಿಯೋದಿಲ್ಲ ತಮ್ಮಾ. ಪ್ಯಾನೆಲ್ ಸಣ್ಣದು ನಿಜ. ಬಲ್ಬು ಎಂಟು ತಾಸು ಉರಿದರೆ 12 ಎಎಚ್, ಪಂಪು, ಮೊಬೈಲ್ ಸೇರಿ 17 ಅಂತ ಹಿಡಿಯಿರಿ. 50 ವ್ಯಾಟಿನ ಪ್ಯಾನೆಲ್ ಒಳ್ಳೆ ಬಿಸಿಲಲ್ಲಿ ದಿನಕ್ಕೆ 13 ಕೊಟ್ಟರೆ ಹೆಚ್ಚು. ದಿನಾ ನಾಲ್ಕು ಸಾಲ. ಆದರೆ ಹನ್ನೊಂದೂವರೆಗೇ ಫುಲ್ ಅಂತ ತೋರಿಸುತ್ತಿದೆಯಲ್ಲ, ಅದೇ ನನಗೆ ಅನುಮಾನ. ಹೂಳು ತುಂಬಿದ ಕೆರೆ ನೋಡಿದ್ದೀರಲ್ವಾ? ಮೊದಲ ಮಳೆಗೇ ಕೋಡಿ ಬೀಳುತ್ತದೆ, ಸಂಕ್ರಾಂತಿಗೆ ಒಣಗುತ್ತದೆ. ನಿಮ್ಮ ಬ್ಯಾಟರಿಯೂ ಹಾಗೇ ಇರಬೇಕು.
ಮೂರು ಕೆಲಸ ಮಾಡಿ ನೋಡಿ. ಮಧ್ಯಾಹ್ನ ಕಂಟ್ರೋಲರ್ ತುದಿಯಲ್ಲೂ ಬ್ಯಾಟರಿ ತುದಿಯಲ್ಲೂ ಒಂದೇ ಹೊತ್ತಿಗೆ ವೋಲ್ಟ್ ನೋಡಿ. ಒಂದು ದಿನ ಕೆಲಸ ಬಿಟ್ಟು, ಸಂಜೆ ಎಲ್ಲಾ ವೈರ್ ಬಿಚ್ಚಿ, ಬೆಳಿಗ್ಗೆ ಬ್ಯಾಟರಿ ನೋಡಿ: 12.7 ಇದ್ದರೆ ತುಂಬಿದೆ, 12.2 ಅಂದರೆ ಅರ್ಧ. ನೀರು ಹಾಕುವ ಬ್ಯಾಟರಿಯಾದರೆ ಪೇಟೆಯಲ್ಲಿ ಹೈಡ್ರೋಮೀಟರ್ (ಒಳಗಿನ ಆಸಿಡ್ ಎಷ್ಟು ಗಟ್ಟಿ ಅಂತ ತೋರಿಸುವ ಸಾಧನ) ಹಾಕಿಸಿ, ಬ್ಯಾಟರಿಯೊಳಗಿನ ಆರೂ ಸೆಲ್, ಅಂದರೆ ಕೋಣೆ, ಬೇರೆ ಬೇರೆ ಬರೆದುಕೊಳ್ಳಿ.

ಹಿನ್ನೀರಿನವ:
ಬರೆದುಕೊಂಡು ಬಂದೆ ಅಣ್ಣಾ. ಕಂಟ್ರೋಲರ್‌ನಲ್ಲಿ 14.3, ಬ್ಯಾಟರಿಯಲ್ಲಿ 13.9. ರಾತ್ರಿ ಬಿಚ್ಚಿಟ್ಟದ್ದು ಬೆಳಿಗ್ಗೆ 12.3. ಹೈಡ್ರೋಮೀಟರ್‌ನಲ್ಲಿ ಐದು ಸೆಲ್ 1.23, ಒಂದು ಮಾತ್ರ 1.12. ವೈರು ಒಂದೂವರೆ ಚದರ ಮಿಮೀ, ಮನೆ ವೈರಿಂಗಿನದು, ಆರು ಮೀಟರ್ ಹಾಕಿದ್ದೆ.

ಹಳೇ ವೈರ್‌ಮನ್, ಹಾವೇರಿ:
ಸಿಕ್ಕಿತು ನೋಡಿ. ತುಂಬಿದ ಸೆಲ್ ಸುಮಾರು 1.26 ತೋರಿಸಬೇಕು. ಆ 1.12ರ ಸೆಲ್ ಕೈಬಿಟ್ಟಿದೆ. ಅದು ಇರುವ ತನಕ ಪ್ಯಾನೆಲ್ ಎಷ್ಟು ದೊಡ್ಡದು ಹಾಕಿದರೂ ಸುಮ್ನೆ ದುಡ್ಡು. ಇನ್ನು 0.4 ವೋಲ್ಟ್ ಆ ಸಣ್ಣ ವೈರಿನಲ್ಲೇ ಹೋಗುತ್ತಿದೆ. ಕಂಟ್ರೋಲರ್ ತನ್ನ ಬಾಯಲ್ಲಿರುವ ವೋಲ್ಟ್ ನೋಡಿ ತುಂಬಿತು ಅಂದುಕೊಳ್ಳುತ್ತದೆ.
ಕಂಟ್ರೋಲರ್ ಅನ್ನು ಬ್ಯಾಟರಿ ಪಕ್ಕಕ್ಕೆ ತನ್ನಿ. ಪ್ಯಾನೆಲ್‌ನಿಂದ ಅಲ್ಲಿಗೆ 4 ಚದರ ಮಿಮೀ ವೈರು. ಬಿಚ್ಚುವಾಗ ಮೊದಲು ಪ್ಯಾನೆಲ್, ಜೋಡಿಸುವಾಗ ಮೊದಲು ಬ್ಯಾಟರಿ. ಪ್ಲಸ್ಸಿಗೆ ಬ್ಯಾಟರಿ ಹತ್ತಿರವೇ ಫ್ಯೂಸ್ ಹಾಕಿ. ಮತ್ತೆ ಆ ಹಲಗೆಗೆ ನಾಲ್ಕು ತೂತು ಹೊಡೆಯಿರಿ, ಚಾರ್ಜ್ ಆಗುವಾಗ ಗ್ಯಾಸ್ ಬರುತ್ತದೆ, ನೀವು ಅದರ ಮೇಲೆ ಕೂತು ಬೀಡಿ ಸೇದೋರು ಬೇರೆ ಇರಬಹುದು!
ಹೊಸದು ತಗೊಂಡರೆ ಕಾರಿಂದು ಬೇಡ, ಟ್ಯೂಬ್ಯುಲರ್ ತಗೊಳ್ಳಿ, ಅದು ನಿಧಾನವಾಗಿ ಬಹಳ ಹೊತ್ತು ಕರೆಂಟು ಕೊಡೋ ಬ್ಯಾಟರಿ. ಕಾರಿನ ಬ್ಯಾಟರಿ ಒಂದು ಗಳಿಗೆ ಜೋರಾಗಿ ಕರೆಂಟು ಕೊಡೋಕೆ ಮಾಡಿದ್ದು. ರಾತ್ರಿಯಿಡೀ ಹೀರಿದರೆ ಬೇಗ ಸಾಯುತ್ತದೆ.

ಹಿನ್ನೀರಿನವ:
ಬೀಡಿ ವಿಷಯ ನಿಮಗೆ ಹೆಂಗ ಗೊತ್ತಾಯ್ತು ರೀ! ಕಂಟ್ರೋಲರ್ ಹಿಂದೆ ತಂದೆ, ವೈರು ಬದಲಿಸಿದೆ. ನಿನ್ನೆ ರಾತ್ರಿ ಮೂರೂಕಾಲರ ತನಕ ಬಲ್ಬು ಉರಿಯಿತು. ಹೊಸ ಬ್ಯಾಟರಿ, ಕಟ್ಲಾ ಮೀನು ಚಲೋ ಬಿದ್ದ ಮೇಲೆ. ಪ್ಯಾನೆಲ್ ಮೇಲೆ ಒಣಹಾಕುತ್ತಿದ್ದ ಬಲೆ ಮಾತ್ರ ಇವತ್ತೇ ತೆಗೆದೆ, ಅದನ್ನು ನಿಮಗೆ ಹೇಳಿರಲಿಲ್ಲ.