ಮುಖಪುಟ ಕಿತ್ತುಹೋದ ಹಳೆಯ ಚಂದಮಾಮ: ವರ್ಷ ಪತ್ತೆ ಹೇಗೆ?

ಚಿಂತಾಮಣಿ_ಓದುಗ
ಇಲ್ಲಿನ ಶಾಲೆಯ ವಾಚನಾಲಯಕ್ಕೆ ಒಂದು ಟ್ರಂಕು ಹಳೆಯ ಚಂದಮಾಮ ಬಂದಿದೆ. ಕನ್ನಡ, ತೆಲುಗು ಬೆರೆತಿವೆ. ಅರ್ಧಕ್ಕರ್ಧ ಸಂಚಿಕೆಗಳಿಗೆ ಮುಖಪುಟವೇ ಇಲ್ಲ, ಪಿನ್ನುಗಳು ತುಕ್ಕು ಹಿಡಿದಿವೆ. ವರ್ಷವಾರು ಜೋಡಿಸಿ ಬೈಂಡ್ ಮಾಡಿಸಬೇಕು. ಎಲ್ಲಿಂದ ಶುರು ಮಾಡಲಿ?

ಹಳೇ_ಸಂಚಿಕೆ
ಬೆಲೆಯಿಂದ ಶುರು ಮಾಡಿ. ಒಳಪುಟಗಳಲ್ಲಿ ಚಂದಾ ದರವೋ ಜಾಹೀರಾತಿನ ಬೆಲೆಯೋ ಸಿಕ್ಕೇ ಸಿಗುತ್ತದೆ. ಬರೀ ಆಣೆ ಲೆಕ್ಕವಿದ್ದರೆ ಬಹುಪಾಲು 1957ರ ಏಪ್ರಿಲ್‌ಗಿಂತ ಹಿಂದಿನದು. ‘ನಯಾಪೈಸೆ’ ಎಂದಿದ್ದರೆ ಅಲ್ಲಿಂದ 1964ರ ಜೂನ್‌ವರೆಗಿನದು. ಆಮೇಲೆ ‘ನಯಾ’ ಬಿಟ್ಟುಹೋಯಿತು. ಹಳೆಯ ನಾಣ್ಯ ಇನ್ನೂ ಕೆಲಕಾಲ ಚಲಾವಣೆಯಲ್ಲಿತ್ತಾದ್ದರಿಂದ 57–58ರ ಆಸುಪಾಸಿನದಕ್ಕೆ ಇನ್ನೊಂದು ಗುರುತು ಬೇಕು.

ಆಮೇಲೆ ಪತ್ರಿಕೆಯ ಕಚೇರಿಯ ವಿಳಾಸ. ವಡಪಳನಿ, ‘ಮದ್ರಾಸು-26’ ಎಂದಷ್ಟೇ ಇದ್ದರೆ ಹಳೆಯದು. ಆರಂಕಿಯ 600026 ಇದ್ದರೆ 1972ರ ಆಗಸ್ಟ್ 15ರ ಈಚಿನದು, ಪಿನ್‌ಕೋಡ್ ಬಂದದ್ದೇ ಆಗ. ಓದುಗರ ವಿಳಾಸದಲ್ಲಿ ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್‌ಗೆ ಹಿಂದಿನದು ಎನ್ನಬಹುದು. ‘ಚಿಂತಾಮಣಿ, ಕೋಲಾರ ಜಿಲ್ಲೆ’ ಎಂಬುದನ್ನು ನೆಚ್ಚಬೇಡಿ. ಈಗ ಚಿಂತಾಮಣಿ ಇರುವ ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದೇ 2007ರಲ್ಲಿ!

ತಿಂಗಳಿಗೂ ಒಂದು ಗುರುತಿದೆ. ಮಾಲೀಕರು, ಮುದ್ರಕರು, ಸಂಪಾದಕರ ವಿವರ ಕೊಡುವ ‘ನಮೂನೆ 4, ನಿಯಮ 8’ರ ಹೇಳಿಕೆ ಪ್ರತಿವರ್ಷ ಫೆಬ್ರವರಿ ಮುಗಿದ ಮೇಲಿನ ಮೊದಲ ಸಂಚಿಕೆಯಲ್ಲಿ ಅಚ್ಚಾಗಬೇಕಿತ್ತು. ಅದು ಕಂಡರೆ ಸಾಮಾನ್ಯವಾಗಿ ಮಾರ್ಚ್ ಸಂಚಿಕೆ.

ಮುಳಬಾಗಿಲು_ಕಡೆಯವ
ತೆಲುಗು ಪ್ರತಿಗಳನ್ನು ಬೇರೆ ಕಟ್ಟಿಡಬೇಡಿ, ಅವೇ ನಿಮ್ಮ ಕೀಲಿಕೈ. ನಾಗಿರೆಡ್ಡಿ–ಚಕ್ರಪಾಣಿಯವರು 1947ರ ಜುಲೈಯಲ್ಲಿ ಶುರು ಮಾಡಿದ್ದು ತೆಲುಗು, ತಮಿಳಿನಲ್ಲಿ. ಕನ್ನಡ ಆಮೇಲೆ ಬಂತು. ಭಾಷೆ ಬದಲಾದರೂ ಚಿತ್ರಗಳು ಹೆಚ್ಚಾಗಿ ಅವೇ. ಭುಜದ ಮೇಲೆ ಹೆಣ, ಕೈಯಲ್ಲಿ ಕತ್ತಿ ಹಿಡಿದು ನಡೆವ ವಿಕ್ರಮನ ಚಿತ್ರ ಮಾತ್ರ ತಿಂಗಳು ತಿಂಗಳೂ ಬರುತ್ತಿತ್ತು, ಅದನ್ನು ಹೋಲಿಸಿ ಪ್ರಯೋಜನವಿಲ್ಲ. ಧಾರಾವಾಹಿಯ ಚಿತ್ರ ಹೋಲಿಸಿ. ಜೋಡಿ ಸಿಕ್ಕಿದರೂ ಪೆನ್ಸಿಲ್‌ನಲ್ಲೇ ಬರೆದಿಡಿ, ಎರಡು ಭಾಷೆಯಲ್ಲಿ ತಿಂಗಳು ಹಿಂದುಮುಂದಾಗಿರಬಹುದು. ಚಿತ್ರಕಾರ ಶಂಕರ್ ಸಹಿಯಿದ್ದರೆ 1950ರ ದಶಕಕ್ಕಿಂತ ಹಿಂದಿನದಲ್ಲ, ಅವರು ಪತ್ರಿಕೆಗೆ ಸೇರಿದ್ದೇ ಆ ದಶಕದ ಆರಂಭದಲ್ಲಿ.

1998–99ರಲ್ಲಿ ಸಂಚಿಕೆ ಸಿಗದಿದ್ದರೆ ಕಳೆದುಹೋಯಿತೆಂದು ಹುಡುಕಬೇಡಿ. ಕಾರ್ಮಿಕ ವಿವಾದದಿಂದ ಪತ್ರಿಕೆಯೇ ಸುಮಾರು ಒಂದು ವರ್ಷ ನಿಂತಿತ್ತು.

ತುಮಕೂರು_ಬೈಂಡಿಂಗ್
ದಯವಿಟ್ಟು ವರ್ಷದ್ದೆಲ್ಲ ಸೇರಿಸಿ ಅಂಚು ಕತ್ತರಿಸಿ ಬೈಂಡ್ ಮಾಡಿಸಬೇಡಿ. ಬೆನ್ನಿನ ಕಡೆ ಅಕ್ಷರ ಒಳಗೆ ಸೇರಿಹೋಗುತ್ತದೆ, ಹೊರ ಅಂಚಿನಲ್ಲಿ ಚಿತ್ರ ತುಂಡಾಗುತ್ತದೆ.

ತುಕ್ಕಿನ ಪಿನ್ನನ್ನು ಹೊರಗಿನಿಂದ ಎಳೆಯಬಾರದು, ಕಾಗದ ಸಮೇತ ಬರುತ್ತದೆ. ನಡುಪುಟ ತೆರೆದು ಮಡಚಿದ ಎರಡು ಕಾಲುಗಳನ್ನೂ ತೆಳು ಚಾಕುವಿನಿಂದ ನೆಟ್ಟಗೆ ಎಬ್ಬಿಸಿ, ಆಮೇಲೆ ಬೆನ್ನಿನಿಂದ ಹೊರತೆಗೆಯಿರಿ. ಹಳೆಯ ತೂತುಗಳಲ್ಲೇ ಬಿಳಿ ಹತ್ತಿ ನೂಲು ಪೋಣಿಸಿ ನಡುಪುಟದಲ್ಲಿ ಗಂಟು ಹಾಕಿ. ಬಿಗಿದರೆ ಮಡಿಕೆ ಸೀಳುತ್ತದೆ. ಸೆಲ್ಲೋಟೇಪ್ ಬೇಡ, ಅಂಟು ಹಳದಿಯಾಗಿ ಇಳಿಯುತ್ತದೆ. ಲ್ಯಾಮಿನೇಷನ್ ಬೇಡವೇ ಬೇಡ, ಮತ್ತೆ ಬಿಡಿಸಲಾಗದು.

ಚಿಂತಾಮಣಿ_ಓದುಗ
ಬೆಳ್ಳಿಹುಳು ಕಾಣುತ್ತಿದೆ. ಬಿಸಿಲಿಗೆ ಹಾಕಲೇ?

ತುಮಕೂರು_ಬೈಂಡಿಂಗ್
ಬೇಡ. ಈ ಕಾಗದ ಬಿಸಿಲಿಗೆ ಇನ್ನಷ್ಟು ಕಂದಿ ಪುಡಿಯಾಗುತ್ತದೆ. ನೆರಳಲ್ಲಿ ಗಾಳಿಯಾಡಿಸಿ, ಮೆತ್ತನೆಯ ಬ್ರಷ್‌ನಿಂದ ಮಡಿಕೆಯ ಧೂಳು ತೆಗೆದು, ಗೋಡೆಗೆ ತಾಗದ ಕಪಾಟಿನಲ್ಲಿ ಅಡ್ಡಡ್ಡ ಮಲಗಿಸಿಡಿ. ಆ ಟ್ರಂಕಿಗೆ ಮಾತ್ರ ವಾಪಸ್ ತುಂಬಬೇಡಿ.