ಪದಚರ್ಚೆ: ಬ್ಯಾಟರಿಯನ್ನು ‘ಶೇಖರಿಸುವುದೋ’, ‘ಎತ್ತಿಡುವುದೋ’?

ಮಾನ್ಯರೇ,

ರೇಡಿಯೊ ನಿಯಂತ್ರಿತ ಕಾರುಗಳ ಬ್ಯಾಟರಿಗಳನ್ನು ಬಳಸದಿರುವ ದಿನಗಳಲ್ಲಿ ಹೇಗೆ ಕಾಪಾಡಬೇಕೆಂಬುದನ್ನು ವಿವರಿಸುವ ಕನ್ನಡ ಕೈಪಿಡಿಯೊಂದನ್ನು, ಈ ಹವ್ಯಾಸಕ್ಕೆ ಹೊಸದಾಗಿ ಬರುವವರಿಗಾಗಿ ಸಿದ್ಧಪಡಿಸುತ್ತಿದ್ದೇನೆ. ವೋಲ್ಟ್, ಚಾರ್ಜರ್, ಸೆಲ್, ಪ್ಯಾಕ್ (ಸೆಲ್ಲುಗಳನ್ನು ಜೋಡಿಸಿ ಮಾಡಿದ ಬ್ಯಾಟರಿ), ಲಿಪೊ (ಲಿಥಿಯಂ ಪಾಲಿಮರ್ ಬ್ಯಾಟರಿ) ಮುಂತಾದ ಹೆಸರುಗಳನ್ನು ಎಲ್ಲರೂ ಆಡುವಂತೆಯೇ ಉಳಿಸಿಕೊಂಡಿದ್ದೇನೆ. ಅವುಗಳಿಗೆ ಬೇರೆ ಪದ ಹುಡುಕುವ ಅಗತ್ಯ ನನಗೆ ಕಂಡಿಲ್ಲ. ತೊಡಕಿರುವುದು ಮಾಡಬೇಕಾದ ಕೆಲಸವನ್ನು ಹೇಳುವ ಪದಗಳಲ್ಲಿ. ಅಲ್ಲಿ ಪದ ದಾರಿ ತಪ್ಪಿಸಿದರೆ ಓದಿದವರ ಪ್ಯಾಕ್ ಹಾಳಾಗುತ್ತದೆ, ಲಿಪೊ ಆಗಿದ್ದರೆ ಬೆಂಕಿಯ ಅಪಾಯವೂ ಇರುತ್ತದೆ.

ಮೊದಲನೆಯದು, ಚಾರ್ಜರುಗಳಲ್ಲಿ ‘ಸ್ಟೋರೇಜ್’ ಎಂದು ಕಾಣಿಸಿಕೊಳ್ಳುವ ಆಯ್ಕೆ. ಲಿಪೊ ಸೆಲ್ ಒಂದು ಪೂರ್ತಿ ತುಂಬಿದಾಗ 4.2 ವೋಲ್ಟ್ ತೋರಿಸುತ್ತದೆ, ಬಳಕೆಯಲ್ಲಿ ಅದು 3.0 ವೋಲ್ಟಿಗಿಂತ ಕೆಳಗೆ ಹೋಗಬಾರದು. ಆದರೆ ಕೆಲವು ದಿನಗಳಿಗಿಂತ ಹೆಚ್ಚು ಕಾಲ ಸುಮ್ಮನೆ ಇಡುವುದಾದರೆ ಅದನ್ನು ಇವೆರಡರ ನಡುವೆ, 3.8ರಿಂದ 3.85 ವೋಲ್ಟಿನ ಆಸುಪಾಸಿನಲ್ಲಿ ನಿಲ್ಲಿಸಬೇಕು. ಎರಡು ಸೆಲ್ಲಿನ ಪ್ಯಾಕಿಗೆ ಇದು 7.6ರಿಂದ 7.7 ವೋಲ್ಟ್ ಆಗುತ್ತದೆ. ಪೂರ್ತಿ ತುಂಬಿಸಿ ಇಟ್ಟರೆ ಒಳಗಿನ ದ್ರಾವಣ ನಿಧಾನವಾಗಿ ವಿಘಟನೆಗೊಂಡು ಅನಿಲ ಹುಟ್ಟುತ್ತದೆ, ಪ್ಯಾಕಿನ ಸಾಮರ್ಥ್ಯ ಶಾಶ್ವತವಾಗಿ ಕುಗ್ಗುತ್ತದೆ, ಇಟ್ಟ ಜಾಗ ಬಿಸಿಯಾಗಿದ್ದರೆ ಇದೆಲ್ಲ ಇನ್ನಷ್ಟು ಬೇಗ ನಡೆಯುತ್ತದೆ. ತೀರ ಕಡಿಮೆಯಲ್ಲಿ ಇಟ್ಟರೆ ತಾನಾಗಿ ಇನ್ನೂ ಇಳಿದು, ಮತ್ತೆ ಚಾರ್ಜ್ ಮಾಡುವುದೇ ಅಪಾಯವೆನ್ನುವ ಸ್ಥಿತಿಗೆ ಬಂದುಬಿಡುತ್ತದೆ. ಹಾಗಾಗಿ ಈ ಆಯ್ಕೆಯನ್ನು ಒತ್ತಿದಾಗ ಚಾರ್ಜರ್ ತುಂಬಿದ ಪ್ಯಾಕನ್ನು ಇಳಿಸುತ್ತದೆ, ಈ ಮಟ್ಟಕ್ಕಿಂತ ಇಳಿದುದನ್ನು ಏರಿಸುತ್ತದೆ.

ಇದನ್ನು ‘ಶೇಖರಣಾ ಚಾರ್ಜ್’ ಎಂದು ಬರೆದರೆ ಏನಾಗುತ್ತದೆಂಬುದೇ ನನ್ನ ಆತಂಕ. ಬ್ಯಾಟರಿಯಲ್ಲಿ ವಿದ್ಯುತ್ ಶೇಖರಣೆಯಾಗುತ್ತದೆ ಎಂದು ನಾವು ಶಾಲೆಯಿಂದಲೂ ಓದಿಕೊಂಡು ಬಂದಿರುವುದರಿಂದ, ‘ಶೇಖರಣಾ ಚಾರ್ಜ್ ಮಾಡಿ ಇಡಿ’ ಎಂಬ ಸೂಚನೆಯನ್ನು ಓದಿದವರು ಚೆನ್ನಾಗಿ ತುಂಬಿಸಿ ಇಡಬೇಕೆಂದೇ ತಿಳಿಯುವ ಸಂಭವ ಹೆಚ್ಚು. ಅಂದರೆ ಮಾಡಬಾರದ ಕೆಲಸವನ್ನೇ ಪದ ಮಾಡಿಸುತ್ತದೆ. ‘ದಾಸ್ತಾನು’ ಉಗ್ರಾಣದ ಸರಕಿಗೆ ಒಗ್ಗುವ ಮಾತು. ‘ಎತ್ತಿಡು’ ಎಂಬುದರಲ್ಲಾದರೋ ಮುಂದೆ ಬೇಕಾದೀತೆಂದು ವಸ್ತುವನ್ನು ಜೋಪಾನವಾಗಿ ತೆಗೆದಿರಿಸುವ ಅರ್ಥ ಆಗಲೇ ಇದೆ. ‘ಓಟ ಮುಗಿದ ಮೇಲೆ ಪ್ಯಾಕನ್ನು ಎತ್ತಿಡುವ ಮಟ್ಟಕ್ಕೆ ತನ್ನಿ’ ಎಂದು ಬರೆದರೆ ಏರಿಸಬೇಕೋ ಇಳಿಸಬೇಕೋ ಎಂಬುದನ್ನು ಪದವೇ ಮೊದಲೇ ತೀರ್ಮಾನಿಸಿಬಿಡುವುದಿಲ್ಲ. ಆದ್ದರಿಂದ ನನ್ನ ಒಲವು ‘ಎತ್ತಿಡುವ ಮಟ್ಟ’ದ ಕಡೆಗಿದೆ. ತಾಂತ್ರಿಕ ಬರಹಕ್ಕೆ ಇದು ತೀರ ಮನೆಮಾತಾಯಿತು ಎನ್ನುವವರಿದ್ದರೆ ಅವರ ಕಾರಣವನ್ನೂ ತಿಳಿಯಬಯಸುತ್ತೇನೆ.

ಎರಡನೆಯದು ‘ಖಾಲಿ’. ನಿಕಲ್ ಕ್ಯಾಡ್ಮಿಯಂ ಪ್ಯಾಕುಗಳ ಕಾಲದಲ್ಲಿ ‘ಪೂರ್ತಿ ಖಾಲಿ ಮಾಡಿ ಆಮೇಲೆ ಚಾರ್ಜ್ ಮಾಡಿ’ ಎಂಬ ಸಲಹೆ ಬಾಯಿಂದ ಬಾಯಿಗೆ ಹರಡಿತು, ಈಗಲೂ ಕೇಳಿಬರುತ್ತದೆ. ಅದರ ನಂತರ ಬಂದ ನಿಕಲ್ ಮೆಟಲ್ ಹೈಡ್ರೈಡ್ ಪ್ಯಾಕಿಗೆ ಈ ಸಲಹೆ ಒಳ್ಳೆಯದಲ್ಲ: ತಲಾ 1.2 ವೋಲ್ಟಿನ ಆರು ಸೆಲ್ಲುಗಳನ್ನು ಸಾಲಾಗಿ ಜೋಡಿಸಿದ 7.2 ವೋಲ್ಟಿನ ಪ್ಯಾಕನ್ನು ಕೊನೆಯವರೆಗೂ ಬರಿದುಮಾಡುತ್ತ ಹೋದರೆ, ಎಲ್ಲಕ್ಕಿಂತ ದುರ್ಬಲವಾದ ಸೆಲ್ ಮೊದಲು ಮುಗಿದು, ಉಳಿದವು ದೂಡುವ ವಿದ್ಯುತ್ತಿನಿಂದ ಅದರ ಧ್ರುವಗಳೇ ಅದಲುಬದಲಾಗಿ ಹಾಳಾಗುತ್ತದೆ. ಲಿಪೊ ವಿಷಯದಲ್ಲಂತೂ ಆ ಸಲಹೆ ಪ್ಯಾಕನ್ನೇ ಕೊಲ್ಲುತ್ತದೆ. ಹಾಗಾಗಿ ಕೈಪಿಡಿಯಲ್ಲಿ ‘ಖಾಲಿ’ ಎಂಬ ಮಾತನ್ನು ಎಲ್ಲಿಯೂ ಬಳಸದಿರಲು ನಿರ್ಧರಿಸಿದ್ದೇನೆ.

‘ಡಿಸ್ಚಾರ್ಜ್’ ಎಂಬುದಕ್ಕೆ ಪಠ್ಯಪುಸ್ತಕದ ‘ವಿಸರ್ಜನೆ’ಗಿಂತ ‘ಇಳಿ’, ‘ಇಳಿಸು’ ಎಂಬ ಜೋಡಿ ಎಷ್ಟೋ ಮೇಲು. ನಾವು ಬೇಕೆಂದು ಮಾಡುವುದು ಇಳಿಸುವುದು, ಇಟ್ಟಲ್ಲೇ ತಾನಾಗಿ ಆಗುವುದು ಇಳಿಯುವುದು. ಕ್ರಿಯಾಪದದ ರೂಪವೇ ಈ ವ್ಯತ್ಯಾಸವನ್ನು ಹೊತ್ತಿರುವಾಗ ಉದ್ದನೆಯ ಸಮಾಸ ಬೇಕಾಗಿಲ್ಲ. ಸಾಮಾನ್ಯ ನಿಕಲ್ ಮೆಟಲ್ ಹೈಡ್ರೈಡ್ ಲಿಪೊಗಿಂತ ಬಹಳ ಬೇಗ ಇಳಿಯುತ್ತದೆ, ಆದ್ದರಿಂದ ಅದನ್ನು ಸ್ವಲ್ಪ ಚಾರ್ಜ್ ಉಳಿಸಿ ಎತ್ತಿಟ್ಟು ಆಗಾಗ ಮತ್ತೆ ಏರಿಸುತ್ತಿರಬೇಕು ಎಂದು ಬರೆದರೆ ಯಾರಿಗೂ ಗೊಂದಲವಾಗದು.

‘ಬ್ಯಾಲೆನ್ಸ್’ ಮಾಡುವುದಕ್ಕೆ, ಅಂದರೆ ಒಂದು ಪ್ಯಾಕಿನ ಸೆಲ್ಲುಗಳನ್ನೆಲ್ಲ ಒಂದೇ ವೋಲ್ಟಿಗೆ ತರುವುದಕ್ಕೆ, ‘ಸಮಗೊಳಿಸು’ ಸಾಕೆನಿಸುತ್ತದೆ: ಒಂದು ಸೆಲ್ 3.84, ಪಕ್ಕದ್ದು 3.62 ಎಂದು ತೋರಿಸಿದರೆ ಸಮಗೊಳಿಸಬೇಕು.

ಉಬ್ಬುವುದರ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ಅನಿಲ ತುಂಬಿದ ಲಿಪೊವನ್ನು ಸಮತಟ್ಟಾದ ಮೇಜಿನ ಮೇಲೆ ಇಟ್ಟರೆ ಅದು ಅಂಟಿ ಕೂರದೆ ಅತ್ತಿತ್ತ ತೂಗಾಡುತ್ತದೆ, ಹೊದಿಕೆ ಬಿಗಿಯಾಗಿ ಸೆಟೆದುಕೊಂಡಿರುತ್ತದೆ. ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯ ಪ್ಯಾಕಾದರೆ ಬದಿಯ ಬೆಸುಗೆ ಕೂದಲೆಳೆಯಷ್ಟು ಬಿಟ್ಟುಕೊಂಡಿರುವುದೇ ಮೊದಲ ಸುಳಿವು. ಇದಕ್ಕೆ ಕೆಲವರು ‘ಊದಿಕೊಂಡಿದೆ’ ಎನ್ನುತ್ತಾರೆ, ಕೆಲವರು ‘ಬಾತುಕೊಂಡಿದೆ’ ಎನ್ನುತ್ತಾರೆ. ಪೆಟ್ಟು ಬಿದ್ದ ಕಾಲು ಬಾತುಕೊಂಡರೆ ನಾಲ್ಕು ದಿನದಲ್ಲಿ ಇಳಿದೀತೆಂದು ಕಾಯುತ್ತೇವೆ. ಈ ಪ್ಯಾಕಿನ ವಿಷಯದಲ್ಲಿ ಹಾಗೆ ಕಾಯಬಾರದು, ಅದನ್ನು ಮತ್ತೆ ಚಾರ್ಜಿಗೆ ಹಾಕಲೂಬಾರದು. ಆ ಆಸೆಯನ್ನು ಹುಟ್ಟಿಸದ ‘ಉಬ್ಬಿದೆ’ ಎಂಬುದನ್ನೇ ಆರಿಸಿಕೊಂಡಿದ್ದೇನೆ.

ಇನ್ನು ಒಂದು ಪದ ಮಾತ್ರ ಸಿಕ್ಕಿಲ್ಲ. ಪ್ಯಾಕನ್ನು ಕಾರಿನಲ್ಲೇ ಜೋಡಿಸಿಟ್ಟರೆ, ಸ್ವಿಚ್ ಆರಿಸಿದ್ದರೂ ಮೋಟಾರಿನ ಕೆಲವು ವೇಗ ನಿಯಂತ್ರಕಗಳು ಸಣ್ಣ ಪ್ರಮಾಣದ ವಿದ್ಯುತ್ತನ್ನು ಎಳೆಯುತ್ತಲೇ ಇರುತ್ತವೆ, ವಾರಗಟ್ಟಲೆ ಹಾಗೆ ಬಿಟ್ಟ ಪ್ಯಾಕ್ ಕೆಲಸಕ್ಕೆ ಬಾರದಂತಾಗುತ್ತದೆ. ಇದು ತಾನಾಗಿ ಇಳಿಯುವುದೂ ಅಲ್ಲ, ನಾವು ಇಳಿಸುವುದೂ ಅಲ್ಲ. ‘ಸೋರಿಕೆ’ ಎಂದರೆ ಸೆಲ್ಲಿನೊಳಗಿನ ದ್ರವ ಹೊರಬಂದಿದೆ ಎಂಬ ಅರ್ಥ ಬರುತ್ತದೆ. ‘ಹೀರಿಕೆ’ ಎನ್ನಬಹುದೇ, ಅಥವಾ ರಿಪೇರಿ ಕೆಲಸ ಮಾಡುವವರಲ್ಲಿ ಇದಕ್ಕೆ ಬಳಕೆಯ ಮಾತು ಆಗಲೇ ಇದೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.